ಒಂಬತ್ತು ಶಿಕ್ಷಕರ ಶಾಲೆ

ಮೇಷ್ಟ್ರು ಬೆಳಿಗ್ಗೆ ಶಾಲೆಯ ಗಂಟೆ ಬಾರಿಸಿದರೆಂದರೆ, ಸೂರ್ಯನೇ ಒಂದು ನಿಮಿಷ ತಡವಾಯಿತೆಂದು ಬಾಗಿಲಲ್ಲಿ ಕೈಕಟ್ಟಿ ನಿಂತು, ಒಳಗೆ ಬರಲೇ ಎಂದು ಕೇಳುತ್ತಿದ್ದ. ಎರಡು ಸಲ ಮೇಷ್ಟ್ರು ಅವನನ್ನು ಹೊರಗೇ ನಿಲ್ಲಿಸಿದ್ದೂ ಉಂಟು. ಆ ಎರಡು ದಿನ ಊರಿನ ಅಂಗಡಿಗಳಲ್ಲಿ ಮಧ್ಯಾಹ್ನದವರೆಗೆ ದೀಪ ಹಚ್ಚಿಕೊಂಡು ವ್ಯಾಪಾರ ನಡೆಯಿತು. ನಂಬದವರು ಶಾಲೆಯ ಎದುರಿನ ಸೈಕಲ್ ಅಂಗಡಿಯವನನ್ನು ಕೇಳಬಹುದು. ಅವನೂ ನಂಬುವುದಿಲ್ಲ, ಆದರೆ ಕೇಳುವುದಕ್ಕೇನು.

ಕಾಗೆ ಹಾರಿಸುವುದರಲ್ಲಿ ಮೇಷ್ಟ್ರನ್ನು ಮೀರಿಸಿದವರಿರಲಿಲ್ಲ. ಬೇರೆಯವರು ಹಾರಿಸಿದ ಕಾಗೆ ಎದುರು ಮನೆಯ ಮಾಡಿನ ಮೇಲೆ ಹೋಗಿ ಕೂರುತ್ತದೆ. ಮೇಷ್ಟ್ರು ಹಾರಿಸಿದ್ದು ಸಮುದ್ರ ದಾಟಿ, ಅಲ್ಲಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳನ್ನು ಕರೆದುಕೊಂಡು ಹಿಂತಿರುಗುತ್ತಿತ್ತು. ಕೊನೆಯ ಬಸ್ ನಿಲ್ದಾಣದ ಹಿಂದಿನ ತಗಡಿನ ಗೇಟಿನ ಶಾಲೆಗೆ ಅವರು ಹದಿನೇಳು ವರ್ಷದಿಂದ ಮುಖ್ಯೋಪಾಧ್ಯಾಯರು. ಶಾಲೆ ಎಂದರೆ ಅರಮನೆ! ಆರು ಕೋಣೆ, ಅದರಲ್ಲಿ ನಾಲ್ಕಕ್ಕೆ ಬಾಗಿಲು ಕೂಡ ಇತ್ತು. ಐದರಿಂದ ಹತ್ತರವರೆಗೆ ಆರು ತರಗತಿ, ನಲವತ್ತೊಂದು ಮಕ್ಕಳು, ಮೂವರು ಶಿಕ್ಷಕರು. ಇತಿಹಾಸಕ್ಕೆ ಮೇಷ್ಟ್ರು, ಭಾಷೆಗೆ ಕಿವಿ ಮಂದವಾದ ಇನ್ನೊಬ್ಬ ಮೇಷ್ಟ್ರು, ಗಣಿತಕ್ಕೆ ಒಬ್ಬ ಹುಡುಗಿ. ಅವಳನ್ನು ಮಕ್ಕಳು, ದೊಡ್ಡವರು, ಬಸ್ ಕಂಡಕ್ಟರ್, ಎಲ್ಲರೂ ಟೀಚರಮ್ಮ ಎನ್ನುತ್ತಿದ್ದರು. ವಯಸ್ಸು ಇಪ್ಪತ್ತಾರು.

ಈ ಶಾಲೆಯಲ್ಲಿ ಇನ್ನೆಲ್ಲೂ ಇಲ್ಲದ ಒಂದು ಕಸರತ್ತು ಚಾಲ್ತಿಯಲ್ಲಿತ್ತು. ಹೊರಗಿನವರು ಯಾರಾದರೂ ನೋಡಲು ಬಂದರೆ ಅದಕ್ಕೆ 'ದೊಡ್ಡ ದಿನ' ಎಂದು ಹೆಸರು. ದೊಡ್ಡ ದಿನದಂದು ಗೇಟು ಕಾಯುವ ಅಜ್ಜ ಕೊರಳಿಗೆ ಸೀಟಿ ಹಾಕಿಕೊಂಡು ವ್ಯಾಯಾಮ ಶಿಕ್ಷಕನಾಗುತ್ತಿದ್ದ. ಕಸ ಗುಡಿಸುವ ಆಯಾ ಸುಣ್ಣ ಬಳಿಯುವ ಬ್ರಷ್ಷು ಹಿಡಿದು ಚಿತ್ರಕಲೆಯ ಶಿಕ್ಷಕಿಯಾಗುತ್ತಿದ್ದಳು. ಸೈಕಲ್ ಅಂಗಡಿಯವನು ಕೈಯ ಗ್ರೀಸು ಒರೆಸಿಕೊಂಡು ಬಂದು ವಿಜ್ಞಾನವಾಗುತ್ತಿದ್ದ. ಹುಟ್ಟಿಯೇ ಇರದ ಇನ್ನೂ ಮೂವರು ಶಿಕ್ಷಕರು ಯಾವಾಗಲೂ ಅಂದೇ ರಜೆ ಹಾಕಿರುತ್ತಿದ್ದರು. ಮಕ್ಕಳದ್ದಂತೂ ಸೈನ್ಯದ ಶಿಸ್ತು. ಬಂದವರು ಒಂದು ಕೋಣೆ ನೋಡಿ ಮುಂದಿನ ಜಗುಲಿಯಲ್ಲಿ ನಡೆಯುವಷ್ಟರಲ್ಲಿ, ನಲವತ್ತೊಂದೂ ಮಕ್ಕಳು ಹಿಂದಿನ ಜಗುಲಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಪಕ್ಕದ ಕೋಣೆ ತುಂಬುತ್ತಿದ್ದರು. ದೊಡ್ಡ ತರಗತಿ ಬಂದಾಗ ಚಿಕ್ಕವರನ್ನು ಹಿಂದಿನ ಡೆಸ್ಕಿನಲ್ಲಿ ಮುಳುಗಿಸಿ, ತಲೆಗೂದಲು ಮಾತ್ರ ಕಾಣುವಂತೆ ಕೂರಿಸುವುದು ಪದ್ಧತಿ. ಆರು ಕೋಣೆ, ಕೋಣೆಗೆ ನಲವತ್ತೊಂದು. ಒಟ್ಟು ಇನ್ನೂರ ನಲವತ್ತಾರು ಮಕ್ಕಳು. ಸುಳ್ಳಿಗೂ ಒಂದು ಲೆಕ್ಕ ಇರಬೇಕು ಎನ್ನುವುದು ಮೇಷ್ಟ್ರ ನಿಯಮ.

ಹಿಂದಿನ ವರ್ಷದ ವಾರ್ಷಿಕ ವರದಿಯಲ್ಲಿ ಮೇಷ್ಟ್ರು ಈ ಲೆಕ್ಕವನ್ನೇ ಬರೆದು, ಒಂಬತ್ತು ಶಿಕ್ಷಕರು, ಒಂದು ಪ್ರಯೋಗಾಲಯ ಎಂದು ಸೇರಿಸಿ ಸಹಿ ಹಾಕಿದ್ದರು. ಅದರಿಂದ ಶಾಲೆಗೆ ಹಿತ್ತಾಳೆಯ ಒಂದು ಶೀಲ್ಡು ಬಂತು. ಸಂಬಳ ಕೊಡುವ ಕಚೇರಿಗೆ ಮೂವರೇ ಶಿಕ್ಷಕರೆಂದು ಗೊತ್ತಿತ್ತು, ಶೀಲ್ಡು ಕೊಡುವ ಕಚೇರಿಗೆ ಒಂಬತ್ತು ಮಂದಿಯೆಂದು ಗೊತ್ತಿತ್ತು. ಎರಡೂ ಕಚೇರಿಗಳಿಗೆ ಮಾತುಕತೆ ಬಿಟ್ಟುಹೋಗಿ ಕಾಲವಾಗಿತ್ತು. ಯಾರಿಗೇನು ನಷ್ಟ? ಮೇಷ್ಟ್ರು ದಿನಾ ಬೆಳಿಗ್ಗೆ ಶೀಲ್ಡನ್ನು ಪಂಚೆಯ ಅಂಚಿನಿಂದ ಉಜ್ಜುತ್ತಿದ್ದರು. ಅದರ ಹೊಳಪಿಗೆ ಹಾದುಹೋಗುವ ಬಸ್ಸಿನ ಚಾಲಕರು ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಿದ್ದರು.

ಯಾರಿಗೆ ನಷ್ಟ ಎಂಬುದು ಒಂದು ಮಂಗಳವಾರ ಊಟದ ಬಿಡುವಿನಲ್ಲಿ ತಿಳಿಯಿತು.

ಟೀಚರಮ್ಮ ಕೈಯಲ್ಲೊಂದು ಕಾಗದ ಹಿಡಿದು ಬಂದಳು. ಬೆರಳಿಗೆ ಸೀಮೆಸುಣ್ಣ ಮೆತ್ತಿತ್ತು. "ಸರ್, ಸ್ವಲ್ಪ ಇದನ್ನ ನೋಡ್ತೀರಾ? ಏನೋ ತಪ್ಪಾಗಿದೆ ಅನ್ಸತ್ತೆ."

ಅವಳ ಕಥೆ ಮೇಷ್ಟ್ರಿಗೆ ಗೊತ್ತಿದ್ದದ್ದೇ. ಅಮ್ಮ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಮಗಳು ಶಿಕ್ಷಕಿಯಾಗಬೇಕೆಂದಾಗ ಅಷ್ಟು ಫೀಸು ಕಟ್ಟುವ ತಾಕತ್ತು ಮನೆಯಲ್ಲಿ ಇರಲಿಲ್ಲ. ಆಗ ಕೈಹಿಡಿದದ್ದು ಶಿಕ್ಷಕರಾಗುವವರಿಗೆ ಸಹಾಯಧನ ಕೊಡುವ ಕಚೇರಿ. ತರಬೇತಿ ಕಾಲೇಜಿನ ಫೀಸು, ಹಾಸ್ಟೆಲ್ಲು, ಪುಸ್ತಕ ಎಲ್ಲ ಅವರದ್ದು. ಬದಲಿಗೆ, ಕಲಿತು ಮುಗಿಸಿದ ಮೇಲೆ ಶಿಕ್ಷಕರ ಕೊರತೆಯಿರುವ ಶಾಲೆಯೊಂದರಲ್ಲಿ ನಾಲ್ಕು ವರ್ಷ ಗಣಿತ ಕಲಿಸಬೇಕು. ನಾಲ್ಕು ತುಂಬಿದರೆ ಋಣ ಹರಿಯಿತು. ತುಂಬದಿದ್ದರೆ ಕೊಟ್ಟದ್ದೆಲ್ಲ ಸಾಲವಾಗಿ ತಿರುಗಿ, ಮೊದಲ ದಿನದಿಂದಲೇ ಬಡ್ಡಿ. ಕರಾರು ಪತ್ರಕ್ಕೆ ಜಾಮೀನು ಸಹಿ ಹಾಕಿದವಳು ಅಮ್ಮ. ನಾಲ್ಕನೆಯ ವರ್ಷ ಮುಗಿಯಲು ಇನ್ನು ಏಳು ವಾರ ಉಳಿದಿತ್ತು.

ಆ ಕಚೇರಿಯಿಂದ ಬಂದ ಕಾಗದದಲ್ಲಿ ಇದ್ದದ್ದು ಆರೇ ಸಾಲು. ನೀವು ಕೆಲಸ ಮಾಡುತ್ತಿರುವ ಶಾಲೆಯನ್ನು ಈ ವರ್ಷದ ಆರಂಭದಿಂದ ಕೊರತೆಯ ಶಾಲೆಗಳ ಪಟ್ಟಿಯಿಂದ ತೆಗೆಯಲಾಗಿದೆ. ಕಾರಣ, ಸದರಿ ಶಾಲೆಯಲ್ಲಿ ಒಂಬತ್ತು ಶಿಕ್ಷಕರಿರುವುದು ಶಾಲೆಯದೇ ವರದಿಯಿಂದ ತಿಳಿದುಬಂದಿದೆ. ಆದ್ದರಿಂದ ನಿಮ್ಮ ನಾಲ್ಕನೆಯ ವರ್ಷವನ್ನು ಪರಿಗಣಿಸಲಾಗದು. ಸಾಲ ವಸೂಲಿಯ ಕ್ರಮ ಆರಂಭವಾಗುವುದು.

ಮೇಷ್ಟ್ರು ಒಂಬತ್ತು ಎಂಬ ಪದದ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದರು. ನಾಲಿಗೆ ಮಾತ್ರ ಹಳೆಯ ಕುದುರೆ, ಹಾದಿ ಬಿಡಲಿಲ್ಲ.

"ಇದಾ? ಇದೇನಮ್ಮ, ಫೈಲು ಅದಲುಬದಲಾಗಿದೆ ಅಷ್ಟೇ. ಆ ಆಫೀಸಿನ ದೊಡ್ಡ ಸಾಹೇಬ್ರು ನನ್ನ ಜೊತೆ ಒಂದೇ ತಟ್ಟೇಲಿ ಉಂಡೋರು. ಒಂದು ಕಾಗದ ಬರೆದು ಬಿಸಾಕಿದ್ರೆ ಓಡಿ ಬರ್ತಾರೆ."

"ನಮ್ಮ ವರದೀಲಿ ಒಂಬತ್ತು ಅಂತ ಇದೆಯಾ ಸರ್?"

"ಛೆ, ಛೆ! ಟೈಪ್ ಮಾಡೋನು ಮೂರನ್ನ ತಲೆಕೆಳಗು ನೋಡಿರ್ತಾನೆ."

ಮೂರನ್ನು ಹೇಗೆ ತಿರುಗಿಸಿದರೂ ಒಂಬತ್ತಾಗುವುದಿಲ್ಲವೆಂದು ಗಣಿತದ ಟೀಚರಿಗೆ ಗೊತ್ತಿರದೆ ಇರುತ್ತದೆಯೇ? ಅವಳು ಒಂದು ಕ್ಷಣ ಶೀಲ್ಡಿನ ಕಡೆ ನೋಡಿದಳು. ಆಮೇಲೆ ಕಾಗದವನ್ನು ನಾಲ್ಕಾಗಿ ಮಡಚಿದಳು.

"ಅಮ್ಮ ಈ ವರ್ಷಕ್ಕೆ ಇಸ್ತ್ರಿ ಕೆಲಸ ಬಿಟ್ಟುಬಿಡ್ತೀನಿ ಅಂದಿದ್ದಾಳೆ ಸರ್. ನಿಂತು ನಿಂತು ಮೊಣಕಾಲು ಹೋಗಿದೆ. ಅವಳಿಗೆ ಇನ್ನೂ ಹೇಳಿಲ್ಲ. ಇಲ್ಲೂ ಯಾರಿಗೂ ಹೇಳ್ಬೇಡಿ."

ಮೇಷ್ಟ್ರು ಮನೆಗೆ ಹೋಗಿ ಹೆಂಡತಿಯ ಮುಂದೆ ಎಲ್ಲವನ್ನೂ ಒಪ್ಪಿಸಿದರು. ಹೆಂಡತಿ ಬಟ್ಟೆ ಮಡಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ರೀ, ವರದಿ ಬರೆದದ್ದು ಯಾರು?"

"ನಾನೇ."

"ಹಾಗಾದ್ರೆ ಅಳಿಸೋರು ಯಾರು?"

"ಅದು ಅಳಿಸೋದಲ್ಲ ಕಣೇ, ಕೆಲಸಕ್ಕೇ ಕುತ್ತು. ಸುಳ್ಳು ವರದಿ ಅಂದ್ರೆ ವಿಚಾರಣೆ ಮಾಡ್ತಾರೆ. ಈ ವಯಸ್ಸಲ್ಲಿ ಜನ ನಗೋ ಹಾಗೆ..."

"ಜನ ಈಗೇನು ಅಳ್ತಿದ್ದಾರಾ? ನಿಮ್ಮ ಸೂರ್ಯನ ಕಥೆ ಕೇಳಿ ಬೀದಿಯೆಲ್ಲ ನಗತ್ತೆ." ಅವಳು ಅಂಗಿಯ ಕಾಲರು ಸರಿ ಮಾಡಿದಳು. "ಆ ಹುಡುಗಿ ಅಮ್ಮ ಇನ್ನೂ ಎಷ್ಟು ವರ್ಷ ನಿಲ್ಬೇಕು ಅಂತ ಯೋಚನೆ ಮಾಡಿ."

ಮೇಷ್ಟ್ರು ಯೋಚಿಸಿದರು. ಅವರ ಮಿದುಳು ಯೋಚಿಸತೊಡಗಿದರೆ ಪಕ್ಕದ ಮನೆಯವರಿಗೆ ಗಿರಣಿ ಓಡುವ ಸದ್ದು ಕೇಳಿಸುತ್ತಿತ್ತು. ಕೊನೆಗೊಂದು ಉಪಾಯ ಹೊಳೆಯಿತು. ತಪ್ಪು ಒಪ್ಪಿಕೊಳ್ಳುವುದೇ ಬೇಡ! ಸಹಾಯಧನದ ಕಚೇರಿಗೆ ಒಂದು ಕಾಗದ: ದಯವಿಟ್ಟು ತಾವೇ ಬಂದು ಶಾಲೆಯನ್ನು ಕಣ್ಣಾರೆ ನೋಡಿ. ಬಂದವರು ಬಾಗಿಲಿಲ್ಲದ ಕೋಣೆ ನೋಡುತ್ತಾರೆ, ಮೂವರು ಶಿಕ್ಷಕರನ್ನು ನೋಡುತ್ತಾರೆ, ಕನಿಕರಪಟ್ಟು ತಾವಾಗಿಯೇ ಪಟ್ಟಿಗೆ ಸೇರಿಸುತ್ತಾರೆ. ಶಾಲೆಯ ಬಡತನವೇ ಮಾತಾಡಲಿ, ಮೇಷ್ಟ್ರು ಬಾಯಿಗೆ ಬೀಗ ಹಾಕಿಕೊಂಡರಾಯಿತು.

ಹತ್ತು ದಿನದಲ್ಲಿ ಉತ್ತರ ಬಂತು. ಗುರುವಾರ ಹನ್ನೊಂದಕ್ಕೆ ಅಧಿಕಾರಿಯೊಬ್ಬರು ಬರುವರು. ಬುಧವಾರ ಮನೆಗೆ ಹೊರಟಾಗ ಮೇಷ್ಟ್ರು ಗೇಟಿನ ಅಜ್ಜನಿಗೆ ಹೇಳಿದ್ದು ಒಂದೇ ಮಾತು. "ಅಜ್ಜ, ನಾಳೆ ಆಫೀಸಿಂದ ಒಬ್ಬರು ನೋಡೋಕೆ ಬರ್ತಾರೆ. ಗೇಟು ತೆಗ್ದಿಡು."

ಹೆಚ್ಚು ಹೇಳಿದರೆ ಯಾಕೆ ಏನು ಎಂದು ವಿವರಿಸಬೇಕಾಗುತ್ತಿತ್ತು. ಅಜ್ಜನಿಗೆ ಅಷ್ಟು ಸಾಕಾಯಿತು. "ನೀವು ಚಿಂತೆ ಮಾಡ್ಬೇಡಿ ಸ್ವಾಮಿ," ಎಂದು ಕಣ್ಣು ಮಿಟುಕಿಸಿದ. ಅಜ್ಜ ಯಾಕೆ ಕಣ್ಣು ಮಿಟುಕಿಸಿದ ಎಂದು ಮೇಷ್ಟ್ರು ಅಲ್ಲೇ ಕೇಳಬೇಕಿತ್ತು. ಕೇಳಲಿಲ್ಲ.

ಗುರುವಾರ ಅಧಿಕಾರಿ ಬಂದರು. ಬಿಳಿ ಕೂದಲು, ಧೂಳಿನ ಚಪ್ಪಲಿ, ಕಂಕುಳಲ್ಲಿ ಒಂದು ಫೈಲು. ಬಸ್ಸಿನಲ್ಲೇ ಬಂದಿದ್ದರು. ಬೆಳಿಗ್ಗೆಯಿಂದ ನಿಲ್ದಾಣದಲ್ಲೇ ಕಾದಿದ್ದ ಮೇಷ್ಟ್ರು ದುಃಖದ ಮುಖ ಹೊತ್ತು ಅವರನ್ನು ಎದುರುಗೊಂಡು, ಗೇಟಿನೊಳಗೆ ಕಾಲಿಟ್ಟರು.

ಪೀಂ! ಎಂದು ಸೀಟಿ ಕೂಗಿತು.

ಅಜ್ಜ ಟೈ ಕಟ್ಟಿಕೊಂಡು ಅಂಗಳದ ನಡುವೆ ಸೆಟೆದು ನಿಂತಿದ್ದ. "ವ್ಯಾಯಾಮ ವಿಭಾಗದ ನಮಸ್ಕಾರ, ಮೇಡಂ!" ಅವನ ಹಿಂದೆ ಆಯಾ ಹೊಸ ಬ್ರಷ್ಷು ಹಿಡಿದು ಗೋಡೆಯ ಮೇಲೆ ನವಿಲು ಬರೆಯುತ್ತಿದ್ದಳು, ಅಥವಾ ಅದು ಕುದುರೆಯೋ ಏನೋ. ಸೈಕಲ್ ಅಂಗಡಿಯವನು ಬಣ್ಣದ ನೀರಿನ ಸೀಸೆಗಳನ್ನು ಕಪಾಟಿನ ಮುಂದೆ ಸಾಲಾಗಿ ಇಟ್ಟು, ಒಂದನ್ನು ಎತ್ತಿ ಬೆಳಕಿಗೆ ಹಿಡಿದು ಗಂಭೀರವಾಗಿ ಅಲ್ಲಾಡಿಸುತ್ತಿದ್ದ. ಹದಿನೇಳು ವರ್ಷದಲ್ಲಿ ಇಷ್ಟು ಚೆಂದದ ದೊಡ್ಡ ದಿನ ಆಗಿರಲಿಲ್ಲ. ಮೇಷ್ಟ್ರಿಗೆ ಅಲ್ಲೇ ಭೂಮಿ ಬಿರಿಯಬಾರದೇ ಅನಿಸಿತು. ಭೂಮಿಯೂ ತುಸು ಬಿರಿಯಿತು. ಆದರೆ ಮೇಷ್ಟ್ರು ದಪ್ಪ, ಹಿಡಿಸಲಿಲ್ಲ.

ಐದನೆಯ ತರಗತಿಯಲ್ಲಿ ನಲವತ್ತೊಂದು ಮಕ್ಕಳು ಎದ್ದು ನಿಂತರು. ಮೊದಲ ಬೆಂಚಿನಲ್ಲಿ ಒಬ್ಬ ಹುಡುಗಿಯ ಎಡಗೈಗೆ ಪ್ಲಾಸ್ಟರು. ಅದರ ಮೇಲೆ ನೀಲಿ ಪೆನ್ನಿನಲ್ಲಿ ಬರೆದ ಒಂದು ಮೀನು. ಅಧಿಕಾರಿ ಅವಳ ಕೆನ್ನೆ ತಟ್ಟಿ ಮುಂದೆ ನಡೆದರು. ಆರನೆಯ ತರಗತಿಯ ಮೂರನೆಯ ಬೆಂಚಿನಲ್ಲಿ ಎಡಗೈಗೆ ಪ್ಲಾಸ್ಟರು ಹಾಕಿದ ಹುಡುಗಿಯೊಬ್ಬಳು ಏದುಸಿರು ಬಿಡುತ್ತಿದ್ದಳು. ಏಳನೆಯ ತರಗತಿಯಲ್ಲಿ ಟೀಚರಮ್ಮ ಹಲಗೆಯ ಮೇಲೆ ಲೆಕ್ಕ ಬರೆಯುತ್ತಿದ್ದಳು. ಮಕ್ಕಳು ಹಿಂಬಾಗಿಲಿನಿಂದ ನುಗ್ಗಿದ್ದು ನೋಡಿ ಅವಳು ಸೀಮೆಸುಣ್ಣ ಹಿಡಿದ ಕೈಯನ್ನು ಕೆಳಗಿಳಿಸಿದ್ದಳು. ಕೊನೆಯ ಡೆಸ್ಕಿನ ಮೇಲೆ ನೀಲಿ ಮೀನಿನ ಪ್ಲಾಸ್ಟರು ಕಾಣುತ್ತಿತ್ತು.

"ಈ ಮಗೂನ ಐದನೇ ಕ್ಲಾಸಲ್ಲಿ ನೋಡಿದ್ನಲ್ಲ?" ಎಂದರು ಅಧಿಕಾರಿ.

ಮೇಷ್ಟ್ರು ಬಾಯಿಗೆ ಹಾಕಿದ್ದ ಬೀಗ ಅಲ್ಲೇ ಕಳಚಿ ಬಿತ್ತು. "ತ್ರಿವಳಿ, ಮೇಡಂ."

"ಮೂವರಿಗೂ ಎಡಗೈ ಮುರಿದಿದೆಯಾ?"

"ಒಂದೇ ಮರ ಮೇಡಂ. ಮೊದಲನೆಯವಳು ಬಿದ್ಲು, ಅವಳನ್ನ ಹಿಡಿಯೋಕೆ ಹೋಗಿ ಎರಡನೆಯವಳು..."

"ಒಟ್ಟಿಗೆ ಹುಟ್ಟಿದ ಮೂವರು, ಮೂರು ಬೇರೆ ಬೇರೆ ಕ್ಲಾಸಲ್ಲಾ?"

"ಅದೇ ನೋಡಿ ಮೇಡಂ, ಒಬ್ಬಳು ಬಹಳ ಚುರುಕು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಅಧಿಕಾರಿ ನಗಲಿಲ್ಲ. ಮೇಷ್ಟ್ರನ್ನೂ ಟೀಚರಮ್ಮನನ್ನೂ ಜಗುಲಿಯ ಮೂಲೆಯ ಆಫೀಸು ಕೋಣೆಗೆ ಕರೆದು ಬಾಗಿಲು ಹಾಕಿಸಿದರು. ಫೈಲು ತೆರೆದು ವರದಿಯನ್ನು ಮೇಜಿನ ಮೇಲಿಟ್ಟರು. ಅದರ ಪಕ್ಕದಲ್ಲೇ ಶೀಲ್ಡು ಹೊಳೆಯುತ್ತಿತ್ತು.

"ನಾನು ಕಣ್ಣಲ್ಲಿ ಏನು ನೋಡ್ದೆ ಅಂತ ನನಗೆ ಗೊತ್ತು. ಆದ್ರೆ ಊಹೆ ಮೇಲೆ ಬರೆಯೋಕೆ ಆಗಲ್ಲ. ಇಲ್ಲಿ ನಿಮ್ಮ ಸಹಿ ಇದೆ. ಒಂಬತ್ತು ಶಿಕ್ಷಕರು. ಇದು ನಿಜ ಅಂದ್ರೆ ಈ ಹುಡುಗಿ ಫೈಲು ಇಲ್ಲಿಗೇ ಮುಗೀತು. ಸುಳ್ಳು ಅಂದ್ರೆ ಅದನ್ನ ನಿಮ್ಮ ಕೈಲಿ ಬರೆದುಕೊಡಿ. ಆಮೇಲೆ ನಿಮಗೇನಾಗತ್ತೆ ಅಂತ ನಿಮಗೇ ಗೊತ್ತು."

ಆಗ ಮೇಷ್ಟ್ರು ಎದ್ದು ನಿಂತರು. ಕುರ್ಚಿ ಹೆದರಿ ತಾನಾಗಿಯೇ ಹಿಂದೆ ಸರಿಯಿತು. ಸಿಂಹದ ಧ್ವನಿಯಲ್ಲಿ, "ಮೇಡಂ, ತಪ್ಪು ನನ್ನದು, ಶಿಕ್ಷೆಯೂ ನನ್ನದು, ಈ ಮಗುವಿನ ಕೂದಲೂ ಕೊಂಕಬಾರದು!" ಎಂದು ಘರ್ಜಿಸಿದರು. ಗೋಡೆಯ ಸುಣ್ಣ ಉದುರಿತು. ಅಧಿಕಾರಿಯ ಕಣ್ಣಿನಿಂದ ಧಾರೆಯಾಗಿ ಹರಿದ ನೀರು ಹೊಸ್ತಿಲು ದಾಟಿ ಅಂಗಳದ ಗಿಡಗಳಿಗೆ ಹೋಯಿತು. ಹೊರಗೆ ನಲವತ್ತೊಂದು ಮಕ್ಕಳು ಚಪ್ಪಾಳೆ ತಟ್ಟಿದರು...

ಇಷ್ಟು ಬರೆದು, ಸರಿಯಿದೆಯೇ ನೋಡು ಎಂದು ಟೀಚರಮ್ಮನಿಗೆ ಅಂಚೆಯಲ್ಲಿ ಕಳಿಸಿದ್ದಾಯಿತು. ಅವಳೀಗ ಬೇರೆ ಊರಿನಲ್ಲಿ ದೊಡ್ಡ ಶಾಲೆಯೊಂದರಲ್ಲಿ ಇದ್ದಾಳೆ. ಒಂದೇ ವಾರದಲ್ಲಿ ಹಾಳೆಗಳು ವಾಪಸು ಬಂದವು. ಬೇರೆಲ್ಲೂ ಒಂದು ಗೀರೂ ಇರಲಿಲ್ಲ, ಸೂರ್ಯನನ್ನು ಸಹ ಹಾಗೆಯೇ ಬಿಟ್ಟಿದ್ದಳು. ಕೊನೆಯ ಪ್ಯಾರಾದ ಮೇಲೆ ಮಾತ್ರ ಮೂಲೆಯಿಂದ ಮೂಲೆಗೆ ಕೆಂಪು ಗೆರೆ. ಕೆಳಗೆ ಬರೆದಿದ್ದಳು: "ಸರ್, ನಾನು ಅಲ್ಲೇ ಇದ್ದೆ. ಯಾವ ಸಿಂಹವನ್ನೂ ನೋಡಲಿಲ್ಲ. ಮತ್ತೆ, ಯಾರೋ ಮೇಷ್ಟ್ರ ಕಥೆ ಅನ್ನುವ ಹಾಗೆ ಏಕೆ ಬರೆದಿದ್ದೀರಿ? ತಿದ್ದಿ ಬರೆಯಿರಿ. ಹತ್ತಕ್ಕೆ ಎರಡು."

ತಿದ್ದಿ ಬರೆಯುತ್ತಿದ್ದೇನೆ. ಆ ಮೇಷ್ಟ್ರು ನಾನೇ.

ನಾನು ಎದ್ದು ನಿಲ್ಲಲಿಲ್ಲ. ಅಧಿಕಾರಿ ಕೇಳಿದ ಮೇಲೂ ನಾನು ಶೀಲ್ಡನ್ನು ನೋಡುತ್ತಾ ಕೂತಿದ್ದೆ. ಏನು ಹೇಳಿದರೆ ನನ್ನ ಕುರ್ಚಿ, ಅವಳ ವರ್ಷ ಎರಡೂ ಉಳಿಯಬಹುದು ಎಂದು ಹುಡುಕುತ್ತಿದ್ದೆ. ಅಷ್ಟರಲ್ಲಿ ಟೀಚರಮ್ಮ ಮಾತಾಡಿದಳು.

"ನಿಜ ಮೇಡಂ," ಎಂದಳು. "ಇಲ್ಲಿ ಒಂಬತ್ತು ಜನ ಇದ್ದೀವಿ."

ಅಧಿಕಾರಿ ತಲೆಯೆತ್ತಿದರು. "ಏನಮ್ಮಾ?"

"ಒಂಬತ್ತು ಜನ ಮೇಡಂ. ನನ್ನ ವರ್ಷ ಬಿಟ್ಟುಬಿಡಿ. ನಾನು ಹೇಗಾದ್ರೂ ತೀರಿಸ್ತೀನಿ. ಸರ್‌ಗೆ ವಯಸ್ಸಾಗಿದೆ."

ಹೇಳುವಾಗ ಅವಳ ಕಿವಿ ಕೆಂಪಾಗಿತ್ತು, ಕಣ್ಣು ನೆಲದ ಮೇಲಿತ್ತು, ಧ್ವನಿ ಅರ್ಧದಲ್ಲಿ ಒಡೆಯಿತು. ಜನ್ಮದಲ್ಲಿ ಅಷ್ಟು ಕೆಟ್ಟ ಸುಳ್ಳನ್ನು ನಾನು ಕೇಳಿರಲಿಲ್ಲ. ಹದಿನೇಳು ವರ್ಷ ನನ್ನ ಜಾಣ ಸುಳ್ಳುಗಳನ್ನು ಕೇಳಿ ಜನ ನಕ್ಕಿದ್ದರು. ನನಗಾಗಿ ಒಬ್ಬರು ಸುಳ್ಳು ಹೇಳಿದ್ದು ಅದೇ ಮೊದಲು, ಅದೂ ಅಮ್ಮನ ಮೊಣಕಾಲನ್ನು ಒತ್ತೆಯಿಟ್ಟು.

"ಅವಳಿಗೆ ಸುಳ್ಳು ಹೇಳೋಕೆ ಬರಲ್ಲ ಮೇಡಂ," ಎಂದೆ. ನನ್ನ ಧ್ವನಿ ನನಗೇ ಸರಿಯಾಗಿ ಕೇಳಿಸಲಿಲ್ಲ. "ಸುಳ್ಳು ನನ್ನದು. ಹಾಳೆ ಕೊಡಿ, ಬರೆದುಕೊಡ್ತೀನಿ."

ಆಮೇಲಿನದ್ದು ಬೇಗ ಹೇಳಿಬಿಡುತ್ತೇನೆ. ಅವಳ ನಾಲ್ಕನೆಯ ವರ್ಷ ಲೆಕ್ಕಕ್ಕೆ ಬಂತು. ಅವಳಮ್ಮ ಇಸ್ತ್ರಿ ಬಿಟ್ಟಳು. ಶೀಲ್ಡು ವಾಪಸು ಹೋಯಿತು, ಅದರ ಹಿಂದೆಯೇ ನನ್ನ ಕುರ್ಚಿಯೂ ಹೋಯಿತು. ಈಗ ಕಿವಿ ಮಂದವಾದ ಮೇಷ್ಟ್ರೇ ಮುಖ್ಯೋಪಾಧ್ಯಾಯರು, ನಾನು ಇತಿಹಾಸ ಮಾತ್ರ ಕಲಿಸುತ್ತೇನೆ. ಮಕ್ಕಳು ಪ್ರತಿಯೊಂದು ಇಸವಿಗೂ "ನಿಜವಾಗ್ಲೂನಾ ಸರ್?" ಎನ್ನುತ್ತಾರೆ. ಐದನೆಯ ವರ್ಷಕ್ಕೆ ಟೀಚರಮ್ಮ ಉಳಿಯಲಿಲ್ಲ. ಉಳಿಯಬೇಕೆಂಬ ಕರಾರು ಇರಲೂ ಇಲ್ಲ.

ಆ ದಿನ ನಾನು ಬರೆದದ್ದು ಅರ್ಧ ಹಾಳೆ. ಶಿಕ್ಷಕರು ಮೂವರು. ಮಕ್ಕಳು ನಲವತ್ತೊಂದು. ಗಣಿತ ಕಲಿಸುವವರು ಒಬ್ಬರು, ಒಂದು ದಿನವೂ ತಪ್ಪಿಸಿದವರಲ್ಲ. ಪ್ರಯೋಗಾಲಯ ಇಲ್ಲ, ಒಂದು ಕಪಾಟು, ಅದರಲ್ಲಿ ಒಂದು ಅಯಸ್ಕಾಂತ. ಅಧಿಕಾರಿ ಎರಡು ಸಲ ಓದಿದರು.

"ಇದರಲ್ಲಿ ಏನಾದ್ರೂ ಜಾಸ್ತಿ ಬರೆದಿದ್ದೀರಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಟೀಚರಮ್ಮ ನನ್ನನ್ನೇ ನೋಡುತ್ತಿದ್ದಳು.

"ಅಯಸ್ಕಾಂತ ಕಳೆದುಹೋಗಿ ಎರಡು ವರ್ಷ ಆಯ್ತು ಮೇಡಂ," ಎಂದೆ. ಹಾಳೆಯನ್ನು ಈಸಿಕೊಂಡು ಆ ಸಾಲನ್ನು ಹೊಡೆದುಹಾಕಿದೆ.